ಹಳ್ಳದ ಕಸಕ್ಕೂ ಲೆಕ್ಕ ಬೇಕು

(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕಿನವರಾದ ನಮಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿದೆ. ನಮ್ಮ ಹಳ್ಳಗಳು ಯಾವ ದಾರಿ ಹಿಡಿದರೂ ಕಡೆಗೆ ತುಂಗಭದ್ರೆಯನ್ನೇ ಸೇರುತ್ತವೆ. ತುಂಗಭದ್ರೆ ಕೃಷ್ಣೆಯನ್ನು ಕೂಡಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಸಂತೆಯ ಬಯಲಲ್ಲಿ ಉಳಿದ ಪ್ಲಾಸ್ಟಿಕ್ ಚೀಲಕ್ಕೂ ಅದೇ ದಾರಿ.

ಜಗತ್ತಿನ ನದಿಗಳು ವರ್ಷಕ್ಕೆ ಎಷ್ಟು ಪ್ಲಾಸ್ಟಿಕ್ಕನ್ನು ಕಡಲಿಗೆ ಒಯ್ಯುತ್ತವೆ? 2017ರ ಒಂದು ಅಂದಾಜು 11.5 ಲಕ್ಷದಿಂದ 24.1 ಲಕ್ಷ ಟನ್ ಎಂದಿತು. ಅದೇ ವರ್ಷದ ಇನ್ನೊಂದು ಅಂದಾಜು, ಆ ಹೊರೆಯ ಹತ್ತರಲ್ಲಿ ಒಂಬತ್ತು ಪಾಲು ಕೇವಲ 10 ನದಿಗಳದೆಂದಿತು. 2021ರ ಅಂದಾಜು 8 ಲಕ್ಷದಿಂದ 27 ಲಕ್ಷ ಟನ್ ಎಂದು ಹೇಳಿ, ಅದರಲ್ಲಿ ನೂರಕ್ಕೆ 80 ಪಾಲು 1,000ಕ್ಕೂ ಹೆಚ್ಚು ನದಿಗಳಿಂದ ಬರುವುದೆಂದು ತೋರಿಸಿತು. ಇದು ವಿಜ್ಞಾನಿಗಳ ಮೋಸವಲ್ಲ. ಜನಸಂಖ್ಯೆ, ಕಸ, ಮಳೆ, ಹರಿವು ಇವುಗಳಿಂದ ಲೆಕ್ಕ ಹಾಕಿ ತೆಗೆದ ಅಂಕಿಗಳಿವು. ಹೊಳೆಯ ಬಳಿ ನಿಂತು ಎಣಿಸಿದ್ದು ಕಡಿಮೆ.

ಎಣಿಸುವುದು ಕಷ್ಟದ ವಿದ್ಯೆಯಲ್ಲ. ಸೇತುವೆಯ ಮೇಲೆ ನಿಂತು, ಗೊತ್ತುಮಾಡಿದ ಅಗಲದಲ್ಲಿ, ಗೊತ್ತುಮಾಡಿದ ನಿಮಿಷಗಳಲ್ಲಿ ತೇಲಿಹೋಗುವುದನ್ನು ಎಣಿಸಬೇಕು. ಬಲೆಯೊಡ್ಡಿ ಹಿಡಿದು ತೂಗಬೇಕು. ಆದರೆ ನಮ್ಮದು ಬರದ ಸೀಮೆ. ಬೇಸಗೆಯಲ್ಲಿ ಒಣಗಿದ ಹಳ್ಳದ ಮೇಲೆ ನಿಂತವನಿಗೆ ಕಾಣುವುದು ಮರಳು. ಅಂದಿನ ಲೆಕ್ಕ ಸೊನ್ನೆ. ತಿಂಗಳುಗಟ್ಟಲೆ ಕೂಡಿಬಿದ್ದ ಕಸವನ್ನು ಒಂದೇ ದೊಡ್ಡ ಮಳೆ ಸೆಳೆದೊಯ್ಯುತ್ತದೆ. ಆ ದಿನ ಎಣಿಸದಿದ್ದರೆ ಅದು ಲೆಕ್ಕವೇ ಅಲ್ಲ.

ಇನ್ನೊಂದು ಮಾತು. ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ, ಇಷ್ಟು ಕಟ್ಟೆಗಳನ್ನು ದಾಟಿಯೇ ನಮ್ಮ ನೀರು ಕಡಲು ಮುಟ್ಟಬೇಕು. ನದಿಯ ಬಾಯಲ್ಲಿ ಎಣಿಸಿ 'ಇಷ್ಟೇ' ಎಂದರೆ ಉಳಿದದ್ದೆಲ್ಲಿ? ಜಲಾಶಯದ ಹೂಳಿನಲ್ಲಿ, ನಮ್ಮ ಕೆರೆಯಂಗಳದಲ್ಲಿ, ಹೊಲದ ಬದುವಿನಲ್ಲಿ, ದನದ ಹೊಟ್ಟೆಯಲ್ಲಿ. ಸಮುದ್ರ ಸೇರದ ಪ್ಲಾಸ್ಟಿಕ್ ಇಲ್ಲವಾದ ಪ್ಲಾಸ್ಟಿಕ್ ಅಲ್ಲ.

ಲೆಕ್ಕವಿಲ್ಲದೆಡೆ ಹೊಣೆಯೂ ಇಲ್ಲ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ನಿಷೇಧಿಸಿತು. ದಂಡದ ಭಯ ಮೊದಲು ಮುಟ್ಟುವುದು ಕಾಯಿಪಲ್ಲೆ ಮಾರುವ ಹೆಂಗಸಿಗೆ. ಪೊಟ್ಟಣ ಮಾಡಿ ಮಾರುವ ಕಂಪನಿಯೂ ಅದರ ಕಸಕ್ಕೆ ಹೊಣೆಯೆಂದು 2016ರ ಕೇಂದ್ರ ನಿಯಮಗಳೇ ಹೇಳುತ್ತವೆ. ಆದರೆ ನಮ್ಮ ಹಳ್ಳದಲ್ಲಿ ಯಾರ ಪೊಟ್ಟಣ ಎಷ್ಟೆಂದು ಎಣಿಸಿದವರಾರು? ಗುಡಿಸುವ ಕಷ್ಟ ಪೌರಕಾರ್ಮಿಕರಿಗೆ, ಖರ್ಚು ಪಂಚಾಯತಿಗೆ, ಲಾಭ ಮಾತ್ರ ಬಂಡವಾಳಗಾರನಿಗೆ! 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳೂ ಪ್ಲಾಸ್ಟಿಕ್ ಒಪ್ಪಂದಕ್ಕೆ ಬಾರದೆ ಎದ್ದುಹೋದವು.

ಆದುದರಿಂದ ನಮ್ಮ ಬೇಡಿಕೆ ಇದು: ಐದೂ ತಾಲ್ಲೂಕಿನ ಹಳ್ಳ-ಹೊಳೆಗಳ ಸೇತುವೆಗಳಲ್ಲಿ ಮಳೆಗೆ ಮುಂಚೆ, ಹೊನಲಿನ ದಿನ, ಅನಂತರ, ಹೀಗೆ ಮೂರು ಸಲ ಎಣಿಕೆಯಾಗತಕ್ಕದ್ದು. ಬಗೆ, ತೂಕ, ತಯಾರಕರ ಹೆಸರು ಸಹಿತ ಅದನ್ನು ಗ್ರಾಮಸಭೆಯಲ್ಲಿ ಓದತಕ್ಕದ್ದು. ಗುಡಿಸುವ ಕೂಲಿಯನ್ನು ತಯಾರಕರಿಂದ ವಸೂಲು ಮಾಡತಕ್ಕದ್ದು.

ಸರ್ಕಾರ ಏಳುವ ತನಕ ನಾವು ಕಾಯಬೇಕಾದುದಿಲ್ಲ. ಒಂದು ನೋಟುಪುಸ್ತಕ, ಒಂದು ಗಡಿಯಾರ, ಒಂದು ತಕ್ಕಡಿ ಸಾಕು. ಬರುವ ಮುಂಗಾರಿಗೆ ನಾವೇ ಆರಂಭಿಸೋಣ.