ಮನೆಯಲ್ಲಿ ಹಾಡಿನ ಧ್ವನಿಮುದ್ರಣ



ಮನೆಯಲ್ಲಿಯೇ ಕಂಪ್ಯೂಟರಿನ ನೆರವಿನಿಂದ ಸಂಗೀತವನ್ನು ಮುದ್ರಿಸಿಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವು ಯಂತ್ರಕ್ಕೆ ಸಂಬಂಧಿಸಿದ್ದಾದರೂ ನಮ್ಮ ಮನಸ್ಸಿನಲ್ಲಿರುವುದು ಹಾಡುವವರು. ಕಾಸರಗೋಡು ಸೀಮೆಯ ನಮ್ಮ ಮನೆಗಳಲ್ಲಿ ಮದುವೆಯ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಇವುಗಳನ್ನು ಬಾಯಿಪಾಠವಾಗಿ ಬಲ್ಲ ಅಜ್ಜಿಯಂದಿರು ಇನ್ನೂ ಇದ್ದಾರೆ. ಚಾವಡಿಯಲ್ಲಿ ತಾಳಮದ್ದಳೆಗೆ ಕುಳಿತರೆ ಪ್ರಸಂಗ ಮುಗಿಯುವ ತನಕ ದನಿ ಬಾಡದಂತೆ ಹಾಡಬಲ್ಲ ಹಿರಿಯ ಭಾಗವತರೂ ಇದ್ದಾರೆ. ಹಾಡಿನ ಸಾಹಿತ್ಯವನ್ನು ಬರೆದಿಟ್ಟುಕೊಂಡ ಮನೆಗಳು ಉಂಟು. ಆದರೆ ಯಾವ ಅಕ್ಷರವನ್ನು ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಪಲ್ಲವಿಗೆ ಮರಳುವಾಗ ದನಿ ಎಷ್ಟು ಇಳಿಯಬೇಕು ಎಂಬುದನ್ನು ನೋಟುಪುಸ್ತಕವು ಹೇಳಲಾರದು. ಅದು ಹಾಡುವವರ ಕಂಠದಲ್ಲಿ ಮಾತ್ರ ಇದೆ.

1938ರಲ್ಲಿ ಆರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸರು ಇಂದಿನ ಕೇರಳ, ಕರ್ನಾಟಕ, ತಮಿಳುನಾಡುಗಳ ಪ್ರದೇಶದಲ್ಲಿ ಸಂಚರಿಸಿ ಜನರ ಹಾಡುಗಳನ್ನು ಮುದ್ರಿಸಿಕೊಂಡರು. ಆ ಮುದ್ರಣಗಳನ್ನು 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಎಮಿ ಕ್ಯಾಟ್ಲಿನ್ ಎಂಬ ಇಬ್ಬರು ಸಂಗೀತ ಸಂಶೋಧಕರು ಅದೇ ನಾಡಿಗೆ ಮರಳಿ ತಂದು, ಉಳಿದುದೇನು, ಮಾರ್ಪಟ್ಟುದೇನು ಎಂದು ವಿಚಾರಿಸಿದರು. ಮೊದಲಿನವರು ಮುದ್ರಿಸಿಟ್ಟಿದ್ದರಿಂದಲೇ ಈ ಪ್ರಶ್ನೆಯನ್ನು ಕೇಳಲು ಸಾಧ್ಯವಾಯಿತು. ಅಂದು ಇದು ದೂರದಿಂದ ಬಂದ ಪಂಡಿತರ ಕೆಲಸವಾಗಿತ್ತು. ಇಂದು ಕಾಲೇಜಿಗೆ ಹೋಗುವ ಮಗನದೋ ಮಗಳದೋ ಲ್ಯಾಪ್‌ಟಾಪ್ ಮನೆಯಲ್ಲಿ ಇದ್ದೇ ಇರುತ್ತದೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರೆಂಬುದನ್ನು ನೆನೆದರೆ, ಒಂದು ಹಾಡನ್ನು ಮನೆಯಲ್ಲಿ ಮುದ್ರಿಸುವುದಕ್ಕೆ ನಾವು ಅಂಜಬೇಕಾಗಿಲ್ಲ.

ಹೊಸದಾಗಿ ಕೈಹಾಕುವವರು ಸಾಮಾನ್ಯವಾಗಿ ಮೊದಲು ಮೈಕಿಗಾಗಿ ಹಣ ಕೂಡಿಸುತ್ತಾರೆ. ಕೋಣೆಯ ಬಗ್ಗೆ ಯೋಚಿಸುವವರು ವಿರಳ. ನಮ್ಮ ಅಭಿಪ್ರಾಯದಲ್ಲಿ ಈ ಕ್ರಮವು ತಲೆಕೆಳಗು. ಬರಿಗೋಡೆಯ, ನುಣುಪು ನೆಲದ ತಾರಸಿ ಮನೆಯ ಹಜಾರದಲ್ಲಿ ದನಿಯು ಗೋಡೆಯಿಂದ ಗೋಡೆಗೆ ಮರುಮೊಳಗಿ ಮೈಕನ್ನು ಮುಟ್ಟುತ್ತದೆ. ಒಮ್ಮೆ ಹಾಡಿನೊಂದಿಗೆ ಬೆರೆತ ಆ ಮರುದನಿಯನ್ನು ತರುವಾಯ ಬೇರ್ಪಡಿಸುವುದು ಬಹು ಕಷ್ಟ. ಹಾಸಿಗೆ, ದಿಂಬು, ಸೀರೆ ತುಂಬಿದ ಕಪಾಟುಗಳಿರುವ ಮಲಗುವ ಕೋಣೆಯೇ ಲೇಸು. ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕಂಬಳಿಗಳನ್ನು ಇಳಿಬಿಟ್ಟರೆ ಇನ್ನೂ ಒಳ್ಳೆಯದು.

ಬಳಿಕ ಸದ್ದುಗಳನ್ನು ಹುಡುಕಬೇಕು. ಕೋಣೆಯ ನಡುವೆ ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆ, ಫ್ಯಾನು, ಫ್ರಿಜ್ಜು, ತೋಟದ ಪಂಪು, ದೂರದ ರಸ್ತೆಯ ಬಸ್ಸು ಇವೆಲ್ಲ ತಾವಾಗಿಯೇ ಕೇಳಿಸತೊಡಗುತ್ತವೆ. ನಮ್ಮ ಕಿವಿ ಇವುಗಳನ್ನು ಅಲಕ್ಷಿಸಲು ಕಲಿತಿದೆ. ಮೈಕಿಗೆ ಆ ಜಾಣತನವಿಲ್ಲ. ಆಟಿ ತಿಂಗಳ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಮುದ್ರಣದ ಆಸೆಯನ್ನೇ ಬಿಡುವುದು ಮೇಲು. ಕರೆಂಟು ಹೋದಾಗ ನಾವೆಲ್ಲ ಗೊಣಗುತ್ತೇವಷ್ಟೆ. ಧ್ವನಿಮುದ್ರಣಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಫ್ಯಾನೂ ಫ್ರಿಜ್ಜೂ ತೆಪ್ಪಗಿರುತ್ತವೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ಚಾರ್ಜರಿನಿಂದ ಕೆಲವೊಮ್ಮೆ ಬರುವ ಗುಂಯ್‌ಗುಡುವಿಕೆಯೂ ಇರುವುದಿಲ್ಲ.

ಇನ್ನು ಮೈಕು. ಡೈನಾಮಿಕ್ ಎಂಬ ಜಾತಿಯಲ್ಲಿ ತೆಳುವಾದ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಕಂಪಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದು ಗಟ್ಟಿಮುಟ್ಟಾದುದು; ಚೆಂಡೆಯ ಅಬ್ಬರವನ್ನೂ ತಡೆಯುತ್ತದೆ, ಗದ್ದಲದ ಮನೆಗೂ ಆಗುತ್ತದೆ. ಕಂಡೆನ್ಸರ್ ಎಂಬ ಜಾತಿ ಬಹು ಸೂಕ್ಷ್ಮ; ಅಜ್ಜಿಯ ಮೆಲುದನಿಯ ನಡುಕವನ್ನೂ ಹಿಡಿಯುತ್ತದೆ, ಹಿತ್ತಿಲ ಕಾಗೆಯನ್ನೂ ಹಿಡಿಯುತ್ತದೆ. ಸ್ಟುಡಿಯೋಗಳ ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟಿನ ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕು. ಅದನ್ನು ಒದಗಿಸಿ, ದನಿಯನ್ನು ಅಂಕೆಗಳನ್ನಾಗಿ ಮಾಡಿ ಕಂಪ್ಯೂಟರಿಗೆ ಸಾಗಿಸುವ ಪುಟ್ಟ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಈ ಪೆಟ್ಟಿಗೆಯ ಕೆಲಸವನ್ನು ತನ್ನೊಳಗೇ ಅಡಗಿಸಿಕೊಂಡ ಯುಎಸ್‌ಬಿ ಮೈಕುಗಳೂ ಇವೆ. ಒಬ್ಬರ ಹಾಡುಗಾರಿಕೆಗೆ ಅದೊಂದೇ ಸಾಕು. ಏನೂ ಇಲ್ಲದಿದ್ದರೆ ಮೊಬೈಲಿನಲ್ಲಿ ಮುದ್ರಿಸಿ ಕಂಪ್ಯೂಟರಿಗೆ ವರ್ಗಾಯಿಸಬಹುದು. ಬರುವ ವರ್ಷ ಒಳ್ಳೆಯ ಮೈಕು ಕೊಳ್ಳೋಣವೆಂದು ಎಂಬತ್ತು ದಾಟಿದವರ ಹಾಡನ್ನು ಮುಂದಕ್ಕೆ ಹಾಕುವುದು ನಮಗೆ ಸರಿಕಾಣುವುದಿಲ್ಲ.

ಮೈಕನ್ನು ಬಾಯಿಂದ ಸುಮಾರು ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟರೆ ‘ಪ’, ‘ಭ’ಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ದೂರ ಇಮ್ಮಡಿಯಾದಾಗ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕೋಣೆಯ ಮರುದನಿಯಾದರೋ ಅಷ್ಟು ಇಳಿಯದೆ ಮುಂದಕ್ಕೆ ಬರುತ್ತದೆ.

ಕಂಪ್ಯೂಟರಿನಲ್ಲಿ ಬೇಕಾದ ತಂತ್ರಾಂಶಕ್ಕೆ ಹಣ ತೆರಬೇಕಾಗಿಲ್ಲ. 2000ದಲ್ಲಿ ಮೊದಲು ಹೊರಬಂದ ಆಡಾಸಿಟಿ ಉಚಿತವಾಗಿ ದೊರೆಯುತ್ತದೆ, ಸಾಧಾರಣ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಬರೆದುಕೊಳ್ಳುವುದು ಸಿ.ಡಿ.ಗಳ ಕಾಲದಿಂದ ಬಂದ ರೂಢಿ. ಮನುಷ್ಯನ ಕಿವಿ ಕೇಳುವ ಕಂಪನಗಳ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು 20,000. ಅದರ ಇಮ್ಮಡಿಗಿಂತ ತುಸು ಹೆಚ್ಚು ಸಲ ಅಳೆದರೆ ಕೇಳುವ ದನಿಯೆಲ್ಲವೂ ದಕ್ಕುತ್ತದೆ. ಒಂದೇ ಮೈಕಿಗೆ ಮೋನೋ ಸಾಕು. 16 ಬಿಟ್ಟಿನ ಅಳತೆಯಲ್ಲಿ ಒಂದು ಗಂಟೆಯ ಮೋನೋ ಹಾಡು ಸುಮಾರು 318 ಮೆಗಾಬೈಟ್ ಆಗುತ್ತದೆ. ಅಂದರೆ 32 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ನೂರು ಗಂಟೆಯ ಹಾಡು ಹಿಡಿಸುತ್ತದೆ. ಇಂಟರ್‌ಫೇಸಿನಲ್ಲಿ 24 ಬಿಟ್ಟಿನ ಸೌಕರ್ಯವಿದ್ದರೆ ಅದನ್ನೇ ಆರಿಸಿಕೊಳ್ಳಿರಿ.

ದನಿಯ ಮಟ್ಟವನ್ನು ತೋರಿಸುವ ಪಟ್ಟಿಯ ಮೇಲೆ ಮಾತ್ರ ವಿಶೇಷ ಗಮನವಿರಬೇಕು. ಅಲ್ಲಿ ಸೊನ್ನೆ ಎಂಬುದು ಮಾಡು. ದನಿ ಅದನ್ನು ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗಿ ಕರ್ಕಶವಾಗುತ್ತದೆ. ಹಳೆಯ ಟೇಪು ಅಂಥ ಹೆಚ್ಚಳವನ್ನು ಕೊಂಚ ಸೈರಿಸಿಕೊಳ್ಳುತ್ತಿತ್ತು. ಆದುದರಿಂದ ಆರಂಭಿಸುವ ಮೊದಲು ಭಾಗವತರಿಂದ ಏರುಪದವೊಂದರ ಒಂದು ಸಾಲನ್ನು ಪೂರ್ಣ ದನಿಯಲ್ಲಿ ಹಾಡಿಸಿ, ಅತಿ ಎತ್ತರದ ಜಾಗದಲ್ಲಿಯೂ ಗುರುತು ಋಣ 12 ಮತ್ತು ಋಣ 6ರ ನಡುವೆ ನಿಲ್ಲುವಂತೆ ಮಟ್ಟವನ್ನು ತಗ್ಗಿಸಿಕೊಳ್ಳಬೇಕು.

ಶ್ರುತಿಯನ್ನು ಒಂದು ಸಲ, ಹಾಡನ್ನು ಇನ್ನೊಂದು ಸಲ, ವಾದ್ಯವನ್ನು ಮತ್ತೊಂದು ಸಲ ಮುದ್ರಿಸಿ ಒಂದರ ಮೇಲೊಂದು ಕೂಡಿಸುವ ವಿಧಾನವನ್ನು ನಮ್ಮ ಯುವಕರು ಬೇಗನೆ ಕಲಿಯುತ್ತಾರೆ. ಹಾಗೆ ಮಾಡುವಾಗ ಮೊದಲಿನದನ್ನು ಹೆಡ್‌ಫೋನಿನಲ್ಲಿಯೇ ಕೇಳತಕ್ಕದ್ದು, ಇಲ್ಲವಾದರೆ ಅದು ಮೈಕಿಗೆ ಸೋರುತ್ತದೆ. ಹಾಡುವವರ ದನಿ ಅವರ ಕಿವಿಗೆ ತಡವಾಗಿ ಬಂದರೆ, ಇಂಟರ್‌ಫೇಸಿನಿಂದಲೇ ನೇರವಾಗಿ ಕೇಳುವ ಏರ್ಪಾಡನ್ನು ಉಪಯೋಗಿಸಬೇಕು. ಭಾವಗೀತೆಗೆ ಈ ವಿಧಾನ ಒಪ್ಪುತ್ತದೆ. ಯಕ್ಷಗಾನಕ್ಕೆ ಒಪ್ಪುವುದಿಲ್ಲವೆಂದೇ ನಾವು ಹೇಳುತ್ತೇವೆ. ಭಾಗವತರ ಕಣ್ಸನ್ನೆಯಿಂದ ಮದ್ದಳೆಗಾರರ ಕೈ ತಿರುಗುತ್ತದೆ. ಇಬ್ಬರನ್ನೂ ಎರಡು ದಿನ ಬೇರೆಬೇರೆ ಕೂರಿಸಿ ಮುದ್ರಿಸಿದರೆ ತಾಳ ಸರಿಯಿದ್ದೀತು, ಆಟ ಇರದು. ಅವರು ಒಟ್ಟಿಗೇ ಕುಳಿತುಕೊಳ್ಳಲಿ. ಮೈಕು ಭಾಗವತರಿಗೆ ಹತ್ತಿರವಿರಲಿ, ಮದ್ದಳೆ ಎರಡು ಮಾರು ದೂರವಿರಲಿ, ಚೆಂಡೆ ಹೊಸ್ತಿಲಿನ ಆಚೆಗಿರಲಿ. ಜಾಗವನ್ನು ಅತ್ತಿತ್ತ ಬದಲಿಸಿ ಎರಡು ಮೂರು ಸಲ ಕೇಳಿದರೆ ಹದ ಸಿಕ್ಕುತ್ತದೆ.

ಅಜ್ಜಿಯಂದಿರ ವಿಷಯದಲ್ಲಿ ಕಷ್ಟವು ಬೇರೆ. ಯಂತ್ರದ ಮುಂದೆ ಕೂರಿಸಿ “ಹಾಡಿ” ಎಂದರೆ ಅವರಿಗೆ ಹಾಡು ಮರೆತುಹೋಗುತ್ತದೆ. ತೊಟ್ಟಿಲ ಹಾಡಿಗೆ ಮಡಿಲಲ್ಲಿ ಮಗುವಿರಲಿ, ಹಸೆಯ ಹಾಡಿಗೆ ಜತೆಯಲ್ಲಿ ದನಿಗೂಡಿಸುವ ಓರಗೆಯವರೊಬ್ಬರಿರಲಿ. ಮುದ್ರಣವನ್ನು ಮೊದಲೇ ಆರಂಭಿಸಿ, ಎಲೆಯಡಿಕೆಯ ಮಾತೆಲ್ಲ ಮುಗಿಯುವ ತನಕ ಓಡಲು ಬಿಡಿರಿ. ನಡುವೆ ಪದಗಳನ್ನು ತಿದ್ದುವುದು ಬೇಡ. ಪುಸ್ತಕದಲ್ಲಿಲ್ಲದ ಪಾಠವೇ ಆ ಮನೆಯ ಆಸ್ತಿಯಾಗಿರಬಹುದು. ಕೆಮ್ಮು ಬಂದರೂ ನಿಲ್ಲಿಸಬೇಡಿರಿ.

ಗದ್ದಲವನ್ನು ಕಳೆಯುವ, ದನಿಯನ್ನು ಹೊಳಪಿಸುವ ಉಪಾಯಗಳು ತಂತ್ರಾಂಶದಲ್ಲಿ ಬೇಕಾದಷ್ಟಿವೆ. ಅವುಗಳನ್ನೆಲ್ಲ ಪ್ರತಿಯ ಮೇಲೆ ಮಾತ್ರ ಪ್ರಯೋಗಿಸಬೇಕು. ಮಿತಿಮೀರಿದರೆ ದನಿಯು ನೀರೊಳಗಿನಿಂದ ಬಂದಂತೆ ಕೇಳಿಸುತ್ತದೆ. ಮೂಲವನ್ನು ವೇವ್ ರೂಪದಲ್ಲಿ ಹೊರತೆಗೆದು, ಮುಟ್ಟದೆ, ಎರಡು ಕಡೆ ಇಡಿರಿ. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರಲ್ಲಿ. ದೂರದ ಮಕ್ಕಳಿಗೆ ಕಳುಹಿಸಲು ಎಂಪಿ3 ಸಾಕು.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ನಾವೂ ಹಾಡಿನ ಮೊದಲಲ್ಲೋ ಕೊನೆಯಲ್ಲೋ ಹಾಡಿದವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತದ್ದು ಎಂಬಿಷ್ಟನ್ನು ಬಾಯಿಂದಲೇ ಹೇಳಿಸಿಕೊಳ್ಳಬೇಕು. ಕಡತದ ಹೆಸರು ಯಾವಾಗಲಾದರೂ ಅಳಿದೀತು, ದನಿಯೊಳಗಿನ ಹೆಸರು ಅಳಿಯದು. ಹೊರಗಿನವರಿಗೆ ಹಂಚುವ ಮೊದಲು ಹಾಡಿದವರ ಒಪ್ಪಿಗೆ ಕೇಳಬೇಕು. ಅವರಿಗೊಂದು ಪ್ರತಿಯನ್ನು ನಾವಾಗಿಯೇ ಒಯ್ದು ಕೇಳಿಸಬೇಕು. ಕೇಳುತ್ತಿರುವಾಗ, ಅಂದು ಬಿಟ್ಟುಹೋಗಿದ್ದ ನುಡಿಯೊಂದು ಅಜ್ಜಿಗೆ ನೆನಪಾಗುವುದುಂಟು. ಹೋಗುವಾಗ ಮೈಕನ್ನೂ ಜತೆಗೆ ಕೊಂಡುಹೋಗಿರಿ.