ಕೂರಿಗೆ ಮತ್ತು ಕೈಯ ಲೆಕ್ಕ

ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಿದೆ. 1968ರಲ್ಲಿ ಆರಂಭವಾದ ಈ ಸಂಗ್ರಹಕ್ಕಾಗಿ ಜೀ. ಶಂ. ಪರಮಶಿವಯ್ಯ, ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ ಮೊದಲಾದವರು ದುಡಿದರು. ಅಲ್ಲಿನ ಬೇಸಾಯದ ಉಪಕರಣಗಳನ್ನು ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ: ಉಪಕರಣ ಉಳಿದರೆ ಕೆಲಸವೂ ಉಳಿದಂತಾಯಿತೇ?

ರಾಗಿ ಬಿತ್ತುವ ಕೂರಿಗೆಯನ್ನೇ ನೋಡಿ. ಮೇಲೊಂದು ಮರದ ಬಟ್ಟಲು. ಅದರ ತಳದ ರಂಧ್ರಗಳಿಂದ ಇಳಿಯುವ ಬಿದಿರ ಕೊಳವೆಗಳು. ಕೆಳಗೆ ನೆಲ ಸೀಳುವ ತಾಳುಗಳು. ಎತ್ತುಗಳು ಎಳೆದಂತೆಲ್ಲ ಬಟ್ಟಲಿಗೆ ಬೀಜ ಬಿಡುವ ಕೈಯೊಂದು ಬೇಕು. ಆ ಕೈ ಬಿಗಿಯಾದರೆ ಸಾಲು ಬರಿದು. ಸಡಿಲವಾದರೆ ಪೈರು ಒತ್ತೊತ್ತು. ಕೂರಿಗೆಯ ಅರ್ಧ ಮರದಲ್ಲಿದ್ದರೆ ಇನ್ನರ್ಧ ಆ ಕೈಯಲ್ಲಿದೆ.

ಹುಣಸೂರು, ಪಿರಿಯಾಪಟ್ಟಣಗಳ ಎಷ್ಟೋ ಹೊಲಗಳಲ್ಲಿ ಈಗ ಹೊಗೆಸೊಪ್ಪಿದೆ. ಅದು ಸಸಿ ನೆಟ್ಟು ಬೆಳೆಯುವ ಬೆಳೆ. ಕೂರಿಗೆಯ ಹಂಗು ಅದಕ್ಕಿಲ್ಲ. ಕೆಲಸ ತಪ್ಪಿದ ಉಪಕರಣ ಅಟ್ಟ ಸೇರುತ್ತದೆ, ಇಲ್ಲವೇ ಒಲೆ ಸೇರುತ್ತದೆ.

ಹಳೆಯ ಟ್ರ್ಯಾಕ್ಟರಿನ ಪಾಡು ಬೇರೆ. ಎಚ್.ಎಂ.ಟಿ. 1971ರಲ್ಲಿ ಪಿಂಜೋರಿನಲ್ಲಿ ಆರಂಭಿಸಿದ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಆದರೂ ಅದರ ಸವೆದ ಭಾಗವನ್ನು ಅಳೆದು, ಲೇತಿನಲ್ಲಿ ಕಡೆದು, ಯಂತ್ರವನ್ನು ಮತ್ತೆ ನಡೆಸಬಹುದು. ಬೀಜ ಬಿಡುವ ಕೈಯನ್ನು ಯಾವ ಲೇತಿನಲ್ಲಿ ಕಡೆಯೋಣ?

ಹಳೆಯದಕ್ಕೆ ಎಣ್ಣೆ ಬಳಿದು ನಿಲ್ಲಿಸುವುದು ರಕ್ಷಣೆಯ ಮೊದಲ ಮೆಟ್ಟಿಲು ಮಾತ್ರ. ಅಟ್ಟದಲ್ಲಿ ಕೂರಿಗೆಯಿರುವ ಮನೆಯವರು ಮುಂಗಾರಿಗೊಮ್ಮೆ ಅದನ್ನು ಇಳಿಸಲಿ. ಕಾಲೆಕರೆ ರಾಗಿಯನ್ನಾದರೂ ಬಿತ್ತಲಿ. ಬಲ್ಲ ಹಿರಿಯರ ಪಕ್ಕದಲ್ಲಿ ಕಿರಿಯರೊಬ್ಬರು ನಡೆಯಲಿ. ಬೀಜದ ಲೆಕ್ಕ ಕೈಯಿಂದ ಕೈಗೆ ದಾಟುವುದು ಆ ಸಾಲಿನಲ್ಲಿಯೇ.