ರೂಮ್ ನಿಮ್ಮದು, ದುಡ್ಡು ಯಾರ ಕೈಲಿದೆ?



ದಸರಾ ರಜೆ ಹತ್ತಿರ ಬರ್ತಿದೆ. ಮೈಸೂರು, ಮಡಿಕೇರಿ, ಹಂಪಿ, ಚಿಕ್ಕಮಗಳೂರು... ಎಲ್ಲಿಗೆ ಹೋಗೋಣ ಅನ್ನೋದು ಬೇಗ ತೀರ್ಮಾನ ಆಗುತ್ತೆ. ಎಲ್ಲಿ ಉಳ್ಕೊಳ್ಳೋದು ಅನ್ನೋದಕ್ಕೇ ಮನೆಯಲ್ಲಿ ಜಗಳ. ಮಗ ಮೊಬೈಲ್ ಹಿಡಿದು, "ಆ್ಯಪ್‌ನಲ್ಲಿ ಭಾರಿ ಡಿಸ್ಕೌಂಟ್ ಇದೆ, ಈಗ್ಲೇ ಬುಕ್ ಮಾಡೋಣ" ಅಂತಾನೆ. ಅಪ್ಪ, "ಹೋಟೆಲ್‌ಗೇ ಫೋನ್ ಹಾಕಿದ್ರೆ ಇನ್ನೂ ಕಮ್ಮಿಗೆ ಕೊಡ್ತಾರೆ ಕಣೋ" ಅಂತಾರೆ. ಇಬ್ಬರಲ್ಲಿ ಯಾರು ಸರಿ?

ರೇಟ್ ಎಷ್ಟು ಅನ್ನೋದು ನನ್ನ ಪ್ರಕಾರ ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆ ಇದೆ. ನೀವು ಕಟ್ಟಿದ ದುಡ್ಡು ಯಾರ ಕೈಲಿರುತ್ತೆ?

ಒಂದು ಸರಳ ಲೆಕ್ಕ ನೋಡಿ. ಆ್ಯಪ್‌ನಲ್ಲಿ ರೂಮ್‌ಗೆ 3,000 ರೂಪಾಯಿ ಅಂತಿಟ್ಕೊಳ್ಳಿ. ಕಮಿಷನ್ ನೂರಕ್ಕೆ ಇಪ್ಪತ್ತು ಅಂತಿಟ್ಕೊಳ್ಳಿ. ತೆರಿಗೆ ಪಕ್ಕಕ್ಕಿಡೋಣ. 600 ರೂಪಾಯಿ ಆ್ಯಪ್‌ಗೆ, 2,400 ಹೋಟೆಲ್‌ಗೆ. ಈಗ ನೀವು ನೇರವಾಗಿ ಫೋನ್ ಮಾಡಿ, ಹೋಟೆಲ್‌ನವರು 2,700ಕ್ಕೆ ಕೊಟ್ರೆ? ನಿಮಗೆ 300 ಉಳಿತಾಯ, ಅವರಿಗೂ 300 ಲಾಭ. ಅಪ್ಪನ ಮಾತಲ್ಲಿ ಹುರುಳಿದೆ ಅಂದಂಗಾಯ್ತು.

ಹಾಗಿದ್ರೆ ಹೋಟೆಲ್‌ನವರೇ ತಮ್ಮ ವೆಬ್‌ಸೈಟ್‌ನಲ್ಲಿ 2,700 ಅಂತ ಯಾಕೆ ಹಾಕಿರಲಿಲ್ಲ? ಇಲ್ಲೇ ಇರೋದು ವಿಷಯ. ಆ್ಯಪ್ ಕಂಪನಿಗಳ ಒಪ್ಪಂದದಲ್ಲಿ ಒಂದು ಷರತ್ತು ಇರ್ತಿತ್ತು. ನಮ್ಮಲ್ಲಿ ತೋರಿಸೋ ದರಕ್ಕಿಂತ ಕಡಿಮೆಗೆ ಬೇರೆ ಆ್ಯಪ್‌ನಲ್ಲೂ ಕೊಡಬೇಡಿ, ನಿಮ್ಮ ಸ್ವಂತ ವೆಬ್‌ಸೈಟ್‌ನಲ್ಲೂ ಕೊಡಬೇಡಿ ಅಂತ. ಅಂಗಡಿ ನಿಮ್ಮದು, ಬೆಲೆ ಚೀಟಿ ಅಂಟಿಸೋ ಹಕ್ಕು ಮಾತ್ರ ಬೇರೆಯವರದ್ದು! ಹೋಟೆಲ್ ಮಾಲೀಕರ ಸಂಘಟನೆಗಳ ಒಕ್ಕೂಟ ಇದರ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗಕ್ಕೆ ಹೋಯ್ತು. 2022ರ ಅಕ್ಟೋಬರ್‌ನಲ್ಲಿ ಆಯೋಗ ಆದೇಶ ಕೊಟ್ಟಿತು. ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ, ಓಯೋಗೆ 168.88 ಕೋಟಿ ರೂಪಾಯಿ ದಂಡ. ಇಂಥ ದರದ ಷರತ್ತುಗಳನ್ನ ತೆಗೀರಿ ಅಂತ ಮೇಕ್‌ಮೈಟ್ರಿಪ್‌ಗೆ ಸೂಚನೆಯನ್ನೂ ಕೊಟ್ಟಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು, ಅದು ಅವರ ಹಕ್ಕು. ಯುರೋಪ್‌ನಲ್ಲೂ ಇದೇ ಕಥೆ. ಜರ್ಮನಿ 2015ರಲ್ಲೇ ಬುಕಿಂಗ್ ಡಾಟ್ ಕಾಮ್‌ನ ಇಂಥ ಷರತ್ತಿಗೆ ತಡೆ ಹಾಕಿತ್ತು.

ಹಾಗಂತ ಆ್ಯಪ್‌ಗಳನ್ನ ಖಳನಾಯಕ ಮಾಡೋಕೆ ನಾನು ಇಲ್ಲಿ ಕೂತಿಲ್ಲ. ಕೊಡಗಿನ ಯಾವುದೋ ತೋಟದ ಮಧ್ಯೆ ನಾಲ್ಕು ರೂಮಿನ ಹೋಂಸ್ಟೇ ಇದೆ ಅನ್ನೋದು ಕಲಬುರಗಿಯಲ್ಲಿರೋ ಕುಟುಂಬಕ್ಕೆ ಗೊತ್ತಾಗೋದು ಹೇಗೆ? ಆ್ಯಪ್‌ನಿಂದಲೇ. ಫೋಟೋ ಇರುತ್ತೆ, ಹೋಗಿಬಂದವರ ಅನುಭವ ಇರುತ್ತೆ. ಈ ಸೌಲಭ್ಯಕ್ಕೆ ಬೆಲೆ ಕೊಡೋದ್ರಲ್ಲಿ ತಪ್ಪಿಲ್ಲ.

ಆದ್ರೆ ಕಷ್ಟ ಬಂದಾಗ ಏನಾಗುತ್ತೆ? ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಪ್ರವಾಸ ರದ್ದು. ಹೋಟೆಲ್‌ಗೆ ಫೋನ್ ಮಾಡಿದ್ರೆ, "ಸರ್, ದುಡ್ಡು ನಮ್ಮ ಹತ್ರ ಬಂದಿಲ್ಲ, ಆ್ಯಪ್‌ನವರನ್ನ ಕೇಳಿ" ಅಂತಾರೆ. ಆ್ಯಪ್‌ಗೆ ಫೋನ್ ಮಾಡಿದ್ರೆ, "ಹೋಟೆಲ್‌ನವರು ಒಪ್ಪಬೇಕು" ಅಂತಾರೆ. ಮಧ್ಯೆ ನೀವು. ನೇರವಾಗಿ ಬುಕ್ ಮಾಡಿದ್ರೆ ಎದುರಿಗೆ ಒಬ್ಬರೇ ಇರ್ತಾರೆ. ದಿನಾಂಕ ಮುಂದಕ್ಕೆ ಹಾಕಿ ಅಂತ ಕೇಳೋಕಾದ್ರೂ ಜಾಗ ಇರುತ್ತೆ.

ಇನ್ನೊಂದು ವಿಷಯ. ನಾನು ಇಂಜಿನಿಯರಿಂಗ್ ಓದಿ ಈ ಕಡೆ ಬಂದವಳು, ಹಾಗಾಗಿ ಇದನ್ನ ಹೇಳಲೇಬೇಕು. ಒಂದು ಹೋಟೆಲ್ ನಾಲ್ಕೈದು ಆ್ಯಪ್‌ಗಳಲ್ಲಿ ಇರುತ್ತೆ. ಒಂದರಲ್ಲಿ ರೂಮ್ ಹೋದ ತಕ್ಷಣ ಉಳಿದವುಗಳಲ್ಲೂ ಲೆಕ್ಕ ಕಡಿಮೆ ಆಗ್ಬೇಕು. ಅದಕ್ಕೆ ಚಾನೆಲ್ ಮ್ಯಾನೇಜರ್ ಅನ್ನೋ ಸಾಫ್ಟ್‌ವೇರ್ ಇದೆ. ಸಣ್ಣ ಹೋಟೆಲ್‌ಗಳಲ್ಲಿ ಅದು ಇಲ್ಲದಿದ್ರೆ ಮ್ಯಾನೇಜರ್ ಕೈಯಲ್ಲೇ ತಿದ್ದಬೇಕು. ದಸರಾ ರಶ್‌ನಲ್ಲಿ ಹತ್ತು ನಿಮಿಷ ತಡ ಆದ್ರೆ, ಒಂದೇ ರೂಮು ಇಬ್ಬರಿಗೆ ಬುಕ್ ಆಗಿರುತ್ತೆ! ರಾತ್ರಿ ಹನ್ನೊಂದಕ್ಕೆ ವಯಸ್ಸಾದ ಅಮ್ಮನ ಜೊತೆ ಇಳಿದಾಗ "ರೂಮ್ ಇಲ್ಲ" ಅಂದ್ರೆ? ಆದ್ದರಿಂದ ಆ್ಯಪ್‌ನಲ್ಲಿ ಮಾಡಿದ್ರೂ, ಹೊರಡೋ ಹಿಂದಿನ ದಿನ ಹೋಟೆಲ್‌ಗೆ ಫೋನ್ ಮಾಡಿ, ನಮ್ಮ ಹೆಸರಲ್ಲಿ ಬುಕಿಂಗ್ ಇದೆಯಾ ಅಂತ ಕೇಳಿ.

ಇನ್ನು "ಒಂದೇ ರೂಮ್ ಬಾಕಿ" ಅಂತ ಕೆಂಪಕ್ಷರದಲ್ಲಿ ಬರುತ್ತಲ್ಲ? ಕೆಲವೊಮ್ಮೆ ನಿಜ ಇರಬಹುದು. ಆದ್ರೆ ಸುಳ್ಳು ಅವಸರ ಹುಟ್ಟಿಸೋದು, ಕೇಳದೇ ಏನನ್ನೋ ಬಿಲ್‌ಗೆ ಸೇರಿಸೋದು, ಕೊನೇ ಪುಟದಲ್ಲಿ ಶುಲ್ಕ ಏರಿಸೋದು, ಇವೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ಪ್ರಕಾರ ನಿಷಿದ್ಧ. ದೂರು ಕೊಡೋಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹಾಗಾದ್ರೆ ನೇರ ಬುಕಿಂಗ್ ಪೂರ್ತಿ ಸುರಕ್ಷಿತವಾ? ಅಲ್ಲ. ಅಪ್ಪನಿಗೂ ಒಂದು ಎಚ್ಚರಿಕೆ ಹೇಳ್ಬೇಕು. ಗೂಗಲ್‌ನಲ್ಲಿ ಹೋಟೆಲ್ ಹೆಸರು ಹಾಕಿ, ಮೊದಲು ಸಿಕ್ಕ ನಂಬರ್‌ಗೆ ಫೋನ್ ಮಾಡ್ತೀರಿ. ಆ ಕಡೆಯಿಂದ ಬಹಳ ಮರ್ಯಾದೆಯಿಂದ ಮಾತಾಡ್ತಾರೆ, ಕ್ಯೂಆರ್ ಕೋಡ್ ಕಳಿಸ್ತಾರೆ. ದುಡ್ಡು ಹಾಕಿದ ಮೇಲೆ ಫೋನ್ ಸ್ವಿಚ್ ಆಫ್! ಕೇದಾರನಾಥದ ಹೆಲಿಕಾಪ್ಟರ್, ಚಾರ್‌ಧಾಮ್‌ನ ಗೆಸ್ಟ್ ಹೌಸ್ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿ ಭಕ್ತರನ್ನ ವಂಚಿಸ್ತಿದ್ದಾರೆ ಅಂತ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಅಲ್ಲಿ ನಿಮ್ಮ ದುಡ್ಡು ಆ್ಯಪ್ ಕೈಲೂ ಇಲ್ಲ, ಹೋಟೆಲ್ ಕೈಲೂ ಇಲ್ಲ. ಕಳ್ಳನ ಕೈಲಿದೆ. ಹಾಗೇನಾದ್ರೂ ಆದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಹಾಗಾಗಿ ನಾನು ಹೇಳೋದು ಇಷ್ಟೇ. ಆ್ಯಪ್‌ನಲ್ಲಿ ನೋಡಿ, ಹೋಲಿಸಿ, ಜನ ಬರೆದದ್ದನ್ನ ಓದಿ. ಆಮೇಲೆ ಹೋಟೆಲ್‌ನ ನಂಬರ್ ಎರಡು ಕಡೆ ತಾಳೆ ನೋಡಿ ಫೋನ್ ಮಾಡಿ. "ಆ್ಯಪ್‌ನಲ್ಲಿ ಇಷ್ಟಿದೆ, ನೀವು ಎಷ್ಟಕ್ಕೆ ಕೊಡ್ತೀರಿ? ತಿಂಡಿ, ತೆರಿಗೆ ಸೇರಿದೆಯಾ? ರದ್ದಾದ್ರೆ ಎಷ್ಟು ವಾಪಸ್?" ಇಷ್ಟು ಕೇಳೋಕೆ ನಾಚಿಕೆ ಬೇಡ. ಹೇಳಿದ್ದನ್ನ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮುಂಚೆ ಕೊಡಬೇಡಿ, ಸ್ವಲ್ಪ ಅಡ್ವಾನ್ಸ್ ಸಾಕು. ಯುಪಿಐನಲ್ಲಿ ಕಾಣೋ ಹೆಸರು ಹೋಟೆಲ್‌ನದ್ದೋ, ಅವರು ಹೇಳಿದ ಮಾಲೀಕರದ್ದೋ ಆಗಿರ್ಬೇಕು. ಬೇರೆ ಯಾರದ್ದೋ ಹೆಸರು ಬಂದ್ರೆ ಅಲ್ಲೇ ನಿಲ್ಲಿಸಿ. ಸರ್ಕಾರಿ ಮಯೂರ ಹೋಟೆಲ್, ಜಂಗಲ್ ಲಾಡ್ಜಸ್ ಬೇಕಾದ್ರೆ ಅವರದ್ದೇ ಅಧಿಕೃತ ವೆಬ್‌ಸೈಟ್ ಇದೆ. ಹೋಟೆಲ್‌ನವರು ಕಮ್ಮಿ ಮಾಡಲ್ಲ, ಆ್ಯಪ್‌ನಲ್ಲೇ ಅಗ್ಗ ಅಂದ್ರೆ ಆ್ಯಪ್‌ನಲ್ಲೇ ಮಾಡಿ. ಆದ್ರೆ ಉಚಿತ ರದ್ದತಿ ಇರೋದನ್ನ, ಹೋಟೆಲ್‌ನಲ್ಲೇ ದುಡ್ಡು ಕಟ್ಟೋದನ್ನ ಆರಿಸಿ.

ಹೋಟೆಲ್ ಮಾಲೀಕರಿಗೂ ಒಂದು ಮಾತು. ಆ್ಯಪ್‌ನಲ್ಲಿ 3,000 ಹಾಕಿ, ಫೋನ್ ಮಾಡಿದವರಿಗೆ 3,500 ಹೇಳಿದ್ರೆ, ಆಮೇಲೆ ಕಮಿಷನ್ ಜಾಸ್ತಿ ಅಂತ ದೂರೋದ್ರಲ್ಲಿ ಅರ್ಥ ಇಲ್ಲ. ಫೋನ್ ಮಾಡಿದ ಗಿರಾಕಿ ನಿಮ್ಮನ್ನ ನಂಬಿ ಮಾಡಿರ್ತಾನೆ. ಆ ನಂಬಿಕೆಗೆ ನೂರು ರೂಪಾಯಿನಾದ್ರೂ ಇಳಿಸಿ. ಮುಂದಿನ ವರ್ಷ ಅವನು ಆ್ಯಪ್ ತೆಗೆಯಲ್ಲ, ನಿಮ್ಮ ನಂಬರ್ ಹುಡುಕ್ತಾನೆ.

ಹಬ್ಬದ ರಜೆ ಚೆನ್ನಾಗಿರಲಿ. ಯೋಚನೆ ಮಾಡಿ ಬುಕ್ ಮಾಡಿ.